ಕರಡಿಗೆ ತಿಳಿದ ವೇಳೆ ನಮಗೇಕೆ ಬೇಡ?



ಕಮಲಾಪುರದಿಂದ ದರೋಜಿಯತ್ತ ಹಬ್ಬಿದ ಗುಡ್ಡಗಳನ್ನು ಬೇಸಿಗೆಯ ನಡುಹಗಲಲ್ಲಿ ನೋಡಿದರೆ ಬರೀ ಬಂಡೆ. 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ಈ ಪ್ರದೇಶದಲ್ಲಿ ಕರಡಿಗಳು ಬಿಸಿಲೇರುವ ಮೊದಲೇ ಬಂಡೆಗಳ ಸಂದಿ ಸೇರುತ್ತವೆ. ಹೊತ್ತಿಳಿದ ಮೇಲೆಯೇ ಹೊರಬರುತ್ತವೆ. (ಹೊರಬಂದು ನಮ್ಮ ಶೇಂಗಾ, ಮೆಕ್ಕೆಜೋಳಕ್ಕೆ ನುಗ್ಗುವುದು ಬೇರೆ ಮಾತು!)

ಎದ್ದು ಹೋಗಲಾರದ ಬಾಳೆಗೂ ತನ್ನದೇ ಉಪಾಯವಿದೆ. ಸುಡುಬಿಸಿಲಿನಲ್ಲಿ ಅದು ಎಲೆಯ ಎರಡೂ ಮಗ್ಗುಲನ್ನು ದಿಂಡಿನ ಕೆಳಕ್ಕೆ ಮಡಚಿ, ಬಿಸಿಲು ತಾಗುವ ಜಾಗವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಇದನ್ನು ಕಂಡು ಗಿಡ ಬಾಡಿತೆಂದು ಗಾಬರಿಯಾಗಬೇಡಿ. ಸಂಜೆಗೆ ಎಲೆ ಮತ್ತೆ ಹರಡಿಕೊಂಡರೆ ಅದಕ್ಕೆ ನೀರು ಸಾಕಾಗಿದೆ ಎಂದೇ ಅರ್ಥ. ನೀವು ಮಾಡಬೇಕಾದದ್ದು ಬುಡದ ನೆಲ ಕಾಯದಂತೆ ನೋಡಿಕೊಳ್ಳುವುದು. ಅದಕ್ಕೆ ಕಬ್ಬಿನ ರವದಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಆದರೆ ರಾಯ ಕಾಲುವೆಯ ಕೆಳಗೆ ಒಬ್ಬರು ರವದಿಗೆ ಬೆಂಕಿ ಇಡುತ್ತಾರೆ, ಪಕ್ಕದವರ ಬಾಳೆಯ ಬುಡ ಬಿಸಿಲಿಗೆ ಬಿರಿಯುತ್ತಿರುತ್ತದೆ. ಇದನ್ನು ಒಕ್ಕಲುತನ ಎನ್ನಲಾಗದು.

ಬೇಸಿಗೆ ಬತ್ತ ಹೂ ಬಿಡುವ ಹೊತ್ತಿನಲ್ಲಿ ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ನಾಟಿ ತಡ ಮಾಡಿದವರಿಗೆ ಇದರ ಪೆಟ್ಟು ಹೆಚ್ಚು. ಎಮ್ಮೆಗೆ ಆಕಳಿಗಿಂತ ಬೆವರಿನ ಗ್ರಂಥಿಗಳು ಕಡಿಮೆ, ಮೇಲಾಗಿ ಕಪ್ಪು ಚರ್ಮ. ಕೆರೆಗೆ ಬಿಡಲಾಗದಿದ್ದರೆ ದಿನಕ್ಕೆರಡು ಸಲ ಮೈಮೇಲೆ ನೀರು ಹಾಕಿರಿ.

ಇಷ್ಟೆಲ್ಲಕ್ಕೂ ಕಾಳಜಿ ಮಾಡುವ ನಾವು ಆಳುಗಳ ವಿಷಯಕ್ಕೆ ಬಂದಾಗ ಮಾತ್ರ ಹಳೆಯ ಪದ್ಧತಿಯನ್ನೇ ಹಿಡಿದಿದ್ದೇವೆ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸಲಾಯಿತು. ವಿಜಯನಗರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ನೆರಳಿನಲ್ಲಿ, ಫ್ಯಾನಿನ ಕೆಳಗೆ ಕೂಡುವ ನಮ್ಮಂಥವರಿಗೆ ಈ ಅನುಕೂಲ. ಕಬ್ಬು ಕಡಿಯುವ, ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಮಟಮಟ ಮಧ್ಯಾಹ್ನ! ಬೆಳಿಗ್ಗೆ 6ಕ್ಕೆ ಕೆಲಸ ಹಿಡಿದು 11ಕ್ಕೆ ಬಿಟ್ಟರೆ ಬೆಳೆ ಏನೂ ಕೆಡುವುದಿಲ್ಲ. ಉಳಿದದ್ದನ್ನು ಹೊತ್ತಿಳಿದ ಮೇಲೆ ಮಾಡಬಹುದು. ಕೂಲಿಯನ್ನು ಮಾತ್ರ ಮುರಿಯಬಾರದು. ಮುರಿದರೆ ಹೊಟ್ಟೆಪಾಡಿಗಾಗಿ ಅವರು ಮತ್ತೆ ಬಿಸಿಲಿಗೇ ಇಳಿಯುತ್ತಾರೆ. ಯುಗಾದಿಗೆ ಮುಂಚೆಯೇ ಊರವರೆಲ್ಲ ಕೂತು ಇದನ್ನು ಗೊತ್ತು ಮಾಡಿಕೊಳ್ಳಿರಿ. ಒಬ್ಬೊಬ್ಬರ ಹೊಲದಲ್ಲಿ ಒಂದೊಂದು ವೇಳೆಯಾದರೆ ನಡೆಯದು.

ಬಿಸಿಲಲ್ಲಿ ದುಡಿಯುವವರು ತೊದಲಿದರೆ, ಗೊಂದಲಗೊಂಡರೆ, ಮೈ ಕಾದು ಕೆಂಡವಾದರೆ ಅದು ಬರೀ ತಲೆಸುತ್ತಲ್ಲ. ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬೇಡಿರಿ. 108ಕ್ಕೆ ಫೋನ್ ಮಾಡಿರಿ. ವಾಹನ ಬರುವವರೆಗೂ ನೀರು ಹಾಕುವುದನ್ನು ನಿಲ್ಲಿಸಬೇಡಿರಿ.