ಹಿಮದೂರಿನಿಂದ ಕಛೇರಿಗೆ
ಡಿಸೆಂಬರ್ ಬಂತೆಂದರೆ ಟೊರೊಂಟೊ, ಬಾಸ್ಟನ್ನಿನಂಥ ಹಿಮದೂರುಗಳ ಕೆಲವು ಸಂಗೀತಪ್ರಿಯರು ಕರ್ನಾಟಕ ಸಂಗೀತದ ಮಾರ್ಗಳಿ ಸೀಸನ್ನಿಗೆಂದು ಚೆನ್ನೈ ವಿಮಾನ ಹತ್ತುತ್ತಾರೆ. ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ಬಿಸಿಲು ಕಡಿಮೆಯಾದಾಗ ಕವಿಯುವ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲೇ ವೈದ್ಯಕೀಯವಾಗಿ ವಿವರಿಸಿದ್ದಾರೆ. ಹಾಗಾದರೆ ಅದರ ಚಿಕಿತ್ಸೆಗೆ ಬಳಸುವ 10,000 ಲಕ್ಸ್ ಬೆಳಕಿನ ದೀಪದ ಮುಂದೆ ಕುಳಿತರೆ ಸಾಲದೆ, ಹಾಡು ಯೂಟ್ಯೂಬಿನಲ್ಲೇ ಇದೆಯಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ದೀಪ ಬೆಳಕಿನ ಕೊರತೆಯನ್ನು ತುಂಬೀತು. ಆದರೆ ಮಂಕು ಕವಿದವರು ಜನರಿಂದಲೂ ದೂರ ಸರಿಯುತ್ತಾರೆ, ಅವರಿಗೆ ಮನೆಯಿಂದ ಹೊರಡಲು ಒಂದು ನೆಪ ಬೇಕು. ಮೆಚ್ಚಿನ ಗಾಯಕಿ ಇವತ್ತು ತೋಡಿ ರಾಗವನ್ನು ಹೇಗೆ ಬೆಳೆಸುತ್ತಾರೋ ಎಂಬ ಕುತೂಹಲವೇ ಆ ನೆಪ. ಹಾಡುವಾಗಲೇ ಹುಟ್ಟುವ ಮನೋಧರ್ಮ ಸಂಗೀತ ನಿನ್ನೆಯಿದ್ದಂತೆ ಇಂದಿರುವುದಿಲ್ಲ. ಪಕ್ಕದವರೊಡನೆ ಕೂತು ತಲೆದೂಗುವ ಸುಖ ರೆಕಾರ್ಡಿಂಗಿನಲ್ಲಿ ಸಿಗುವುದೂ ಇಲ್ಲ. ವಿಮಾನದ ದುಡ್ಡು ಎಲ್ಲರ ಬಳಿ ಇರುವುದಿಲ್ಲವೆಂಬುದು ನಿಜ. ಅಂಥವರಿಗೆ ಚಳಿ ಇಳಿಯುವ ಹೊತ್ತಿಗೆ ಅಮೆರಿಕದ ಕ್ಲೀವ್‌ಲೆಂಡಿನಲ್ಲೇ 1978ರಿಂದ ನಡೆದುಬಂದ ತ್ಯಾಗರಾಜ ಆರಾಧನೆಯಿದೆ. ಕಛೇರಿಯೇ ಚಿಕಿತ್ಸೆಯಲ್ಲ, ತೀವ್ರ ಖಿನ್ನತೆಗೆ ವೈದ್ಯರೇ ಬೇಕು. ಉಳಿದವರು ಮಾತ್ರ ಟಿಕೆಟ್ಟಿನ ಖರ್ಚನ್ನು ದುಂದುವೆಚ್ಚದ ಲೆಕ್ಕಕ್ಕೆ ಸೇರಿಸಬೇಕಿಲ್ಲ.