ಇನ್ಸುಲಿನೋಮಕ್ಕೆ ಪ್ರತಿಕಾಯ ಚಿಕಿತ್ಸೆ: ಯಾರಿಗೆ ದಕ್ಕೀತು?

ಮಧುಮೇಹದ ಮಾತು ಇಂದು ಮನೆಮನೆಯಲ್ಲಿದೆ. ಅದಕ್ಕೆ ತದ್ವಿರುದ್ಧವಾಗಿ, ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯುವ ವ್ಯಾಧಿಯೂ ಇದೆಯೆಂಬುದು ಬಹುಜನರಿಗೆ ತಿಳಿಯದು. ಮೇದೋಜೀರಕ ಗ್ರಂಥಿಯಲ್ಲಿ ಬೆಳೆಯುವ ಇನ್ಸುಲಿನೋಮ ಎಂಬ ಗಡ್ಡೆ, ದೇಹದ ಅಗತ್ಯವನ್ನು ಲೆಕ್ಕಿಸದೆ ಇನ್ಸುಲಿನ್ ಸ್ರವಿಸುತ್ತಲೇ ಇರುತ್ತದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 1ರಿಂದ 4 ಮಂದಿಗಷ್ಟೇ ಬರುವ ರೋಗವಿದು. ಬೆಳಗಿನ ಜಾವ ಅಥವಾ ಉಪವಾಸವಿದ್ದಾಗ ಬೆವರು, ನಡುಕ, ಅಸಂಬದ್ಧ ಮಾತು, ಕೆಲವೊಮ್ಮೆ ಸೆಳವು ಕಾಣಿಸುತ್ತವೆ; ಸಕ್ಕರೆ ಕೊಟ್ಟೊಡನೆ ಶಮನವಾಗುತ್ತವೆ. ಇದನ್ನು ಮೂರ್ಛೆರೋಗವೆಂದೋ ಮನೋರೋಗವೆಂದೋ ಭಾವಿಸಿ ವರ್ಷಗಟ್ಟಲೆ ಮಾತ್ರೆ ಕೊಟ್ಟ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ವಿರಳವಲ್ಲ. ನಮ್ಮ ಹಳ್ಳಿಗಳಲ್ಲಾದರೆ ಇಂಥ ಲಕ್ಷಣ ಕಂಡಾಗ ಗಾಳಿ ಸೋಂಕೆಂದು ತಾಯಿತ ಕಟ್ಟಿಸುವವರು ಇನ್ನೂ ಇದ್ದಾರೆ.

ಹತ್ತರಲ್ಲಿ ಒಂಬತ್ತು ಗಡ್ಡೆಗಳು ಹರಡುವಂಥವಲ್ಲ, ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುತ್ತವೆ. ಇನ್ಸುಲಿನ್ ಆವಿಷ್ಕಾರಗೊಂಡ ಟೊರಾಂಟೊ ನಗರದಲ್ಲಿಯೇ 1929ರಲ್ಲಿ ರಾಸ್ಕೋ ಗ್ರಹಾಂ ಎಂಬ ಶಸ್ತ್ರವೈದ್ಯರು ಅದನ್ನು ಸಾಧಿಸಿದ್ದರು. ಸಂಕಟವಿರುವುದು ಯಕೃತ್ತಿಗೆ ಹರಡಿದ ಗಡ್ಡೆಗಳಲ್ಲಿ. ಡಯಾಜಾಕ್ಸೈಡ್, ಆಕ್ಟ್ರಿಯೊಟೈಡ್, ಲುಟೀಶಿಯಂ ವಿಕಿರಣ ಚಿಕಿತ್ಸೆ ಯಾವುದೂ ಫಲಿಸದಿದ್ದಾಗ ರೋಗಿಯು ಹಗಲಿರುಳು ಗ್ಲೂಕೋಸ್ ಡ್ರಿಪ್ಪಿಗೆ ಬಂಧಿಯಾಗಬೇಕಾಗುತ್ತದೆ.

ಎರ್ಸೊಡೆಟಗ್ ಎಂಬ ಪ್ರತಿಕಾಯ ಗಮನ ಸೆಳೆಯುವುದು ಇಲ್ಲಿಯೇ. ಇದು ಗಡ್ಡೆಯನ್ನೂ ಮುಟ್ಟದು, ಇನ್ಸುಲಿನ್ನನ್ನೂ ಮುಟ್ಟದು. ಜೀವಕೋಶದ ಮೇಲಿನ ಇನ್ಸುಲಿನ್ ಗ್ರಾಹಕದಲ್ಲಿ, ಇನ್ಸುಲಿನ್ ಕೂರುವ ತಾಣವನ್ನು ಬಿಟ್ಟು ಬೇರೊಂದೆಡೆ ಅಂಟಿಕೊಂಡು, ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತದೆ. ಹುಟ್ಟಿನಿಂದಲೇ ಇನ್ಸುಲಿನ್ ಮಿತಿಮೀರುವ ಶಿಶುಗಳಿಗೂ ಇದನ್ನು ಪ್ರಯೋಗಿಸಲಾಗಿದೆ. ಹರಡಿದ ಗಡ್ಡೆಯಿಂದ ಬಳಲುತ್ತಿದ್ದ ಅಮೆರಿಕದ ರೋಗಿಯೊಬ್ಬರಿಗೆ ಅನುಕಂಪದ ನೆಲೆಯಲ್ಲಿ ಇದನ್ನು ನೀಡಿ, ಡ್ರಿಪ್ಪಿನಿಂದ ಬಿಡಿಸಿದ ವರದಿ 2023ರಲ್ಲಿ ಪ್ರಕಟವಾಯಿತು.

ಇದನ್ನು ಕ್ಯಾನ್ಸರ್ ಮದ್ದೆಂದು ಕರೆಯುವುದು ತಪ್ಪು. ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಲೇ ಇರುತ್ತದೆ. ಆದರೆ ಸಕ್ಕರೆ ಸ್ಥಿರಗೊಂಡ ರೋಗಿಯು ಮನೆಗೆ ಮರಳಬಹುದು, ಗಡ್ಡೆಯ ಚಿಕಿತ್ಸೆಗೆ ದೇಹವನ್ನು ಅಣಿಗೊಳಿಸಿಕೊಳ್ಳಬಹುದು. ಇದು ಸಣ್ಣ ಲಾಭವಲ್ಲ.

ಭಾರತದ ರೋಗಿಗೆ ದಾರಿಯೇ ಇಲ್ಲವೆಂದಲ್ಲ. ಇಲ್ಲಿ ಅನುಮೋದನೆಯಾಗದ ಔಷಧವನ್ನು ಗಂಭೀರ ರೋಗಿಗಾಗಿ ತರಿಸಲು ಸರ್ಕಾರಿ ಆಸ್ಪತ್ರೆಗಳಿಗೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಅವಕಾಶ ನೀಡಿವೆ. ಆದರೆ ಕಡತ ಸಾಗುವಷ್ಟು ದಿನ ಆ ರೋಗಿಯನ್ನು ಡ್ರಿಪ್ಪಿನಲ್ಲಿ ಕಾಯಬೇಕು. ತಯಾರಕ ಸಂಸ್ಥೆಯೂ ಕೊಡಲು ಒಪ್ಪಬೇಕು. ಅದನ್ನು ಒಪ್ಪಿಸುವ ಅಧಿಕಾರ ಆ ನಿಯಮಗಳಿಗಿಲ್ಲ.