ಗೊತ್ತಿಲ್ಲದ ಪದವೂ ಅದರ ನೆರೆಹೊರೆಯೂ

ಪಾಠ ಓದುವಾಗ ಅಪರಿಚಿತ ಪದವೊಂದು ಎದುರಾದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಮಾಡುವ ಕೆಲಸ ಒಂದೇ: ಓದನ್ನು ಅಲ್ಲಿಗೆ ನಿಲ್ಲಿಸಿ, ತಲೆಯೆತ್ತಿ ಉಪಾಧ್ಯಾಯರ ಮುಖ ನೋಡುವುದು. ಉಪಾಧ್ಯಾಯರು ಅರ್ಥ ಹೇಳುತ್ತಾರೆ. ಮಕ್ಕಳು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡುತ್ತಾರೆ. ಪಾಠದ ಕೊನೆಯಲ್ಲಿ ‘ಪದಗಳ ಅರ್ಥ’ ಎಂಬ ಪಟ್ಟಿಯಿದ್ದರಂತೂ ವಾಕ್ಯವನ್ನು ಪೂರ್ತಿ ಓದುವ ಅಗತ್ಯವೇ ಇಲ್ಲವೆಂಬ ಭಾವನೆ ಬೇರೂರಿಬಿಟ್ಟಿದೆ. ಈ ಪದ್ಧತಿ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಅರ್ಥವನ್ನು ಹೇಳಿಕೊಡುವುದಕ್ಕೆ ಮೊದಲು, ಅರ್ಥವನ್ನು ಊಹಿಸುವುದು ಹೇಗೆಂಬುದನ್ನು ಹೇಳಿಕೊಡಬೇಕು.

ಊಹೆ ಎಂದೊಡನೆ ಕೆಲವು ಪೋಷಕರು ಹುಬ್ಬೇರಿಸಬಹುದು. ಬಾಯಿಗೆ ಬಂದದ್ದನ್ನು ಹೇಳುವುದಕ್ಕೆ ನಾವು ಊಹೆ ಎನ್ನುತ್ತಿಲ್ಲ. ಮೋಡದ ಬಣ್ಣ, ಗಾಳಿಯ ದಿಕ್ಕು, ಮಣ್ಣಿನ ಹಸಿ, ಇವನ್ನೆಲ್ಲ ನೋಡಿ ಬಿತ್ತನೆಯ ದಿನವನ್ನು ನಿಶ್ಚಯಿಸುವ ರೈತ ಮಾಡುವುದೂ ಊಹೆಯೇ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ. ಲೆಕ್ಕ ತಪ್ಪಿದರೆ ಕಡಲೆಕಾಯಿಯ ಬೀಜ ಮಣ್ಣುಪಾಲು. ಗುರುತು ನೋಡದೆ ಊಹಿಸಬಾರದೆಂಬುದನ್ನು ಕುಂದುರ್ಪಿ ಸೀಮೆಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಅದನ್ನೇ ಅವನ ಮಗ ಪುಸ್ತಕದ ಮುಂದೆ ಕುಳಿತಾಗ ಮಾಡಲಿ ಎಂಬುದಷ್ಟೇ ನಮ್ಮ ಮಾತು.

ಒಂದು ಉದಾಹರಣೆ ಕೊಡುತ್ತೇವೆ. ‘ಯುದ್ಧದಲ್ಲಿ ಶೌರ್ಯ ತೋರಿದ ಸೈನಿಕನಿಗೆ ಪಾಳೆಯಗಾರನು ಉಂಬಳಿ ಕೊಟ್ಟನು’ ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, ಉಂಬಳಿ ಎಂದರೇನೆಂದು ಕೇಳಿ ನೋಡಿ. ಗೊತ್ತಿಲ್ಲದ ಹುಡುಗ ಅಂಬಲಿ ಎಂದು ಹೇಳಬಹುದು. ನಗಬೇಡಿ. ಕೊಡುವ ವಸ್ತು ಎಂಬಷ್ಟನ್ನು ಅವನು ಸರಿಯಾಗಿಯೇ ಹಿಡಿದಿದ್ದಾನೆ. ಕಿವಿಗೆ ಹತ್ತಿರವಾದ ಪದವನ್ನು ತಂದಿದ್ದಾನೆ. ಈಗ ಅದರ ಕೆಳಗೆ ಇನ್ನೊಂದು ವಾಕ್ಯ ಬರೆಯಿರಿ: ‘ಅವನ ಮಕ್ಕಳೂ ಮೊಮ್ಮಕ್ಕಳೂ ಅದನ್ನೇ ಉತ್ತು ಬಿತ್ತಿ ಬದುಕಿದರು.’ ಅಂಬಲಿಯನ್ನು ಉಳುವುದು ಸಾಧ್ಯವಿಲ್ಲವೆಂದು ಅದೇ ಹುಡುಗ ತಾನೇ ತಿದ್ದಿಕೊಳ್ಳುತ್ತಾನೆ. ಉಂಬಳಿ ಭೂಮಿಯಾಯಿತು. ಮೂರನೆಯ ವಾಕ್ಯ: ‘ಆ ಹೊಲಕ್ಕೆ ಅವರು ಕಂದಾಯ ಕಟ್ಟಬೇಕಾಗಿರಲಿಲ್ಲ.’ ಸೇವೆಗಾಗಿ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಭೂಮಿ ಎಂಬ ಪೂರ್ಣ ಅರ್ಥ ಕೈಗೆ ಬಂತು. ಉಪಾಧ್ಯಾಯರು ಒಂದು ಮಾತನ್ನೂ ಹೇಳಲಿಲ್ಲ. ಹುಡುಗ ಕಲಿತದ್ದು ಒಂದು ಪದವಲ್ಲ. ಮೊದಲ ವಾಕ್ಯದಲ್ಲಿ ತಿಳಿಯದಿದ್ದರೆ ಮುಂದಿನದನ್ನು ಓದಬೇಕೆಂಬ ರೀತಿಯನ್ನು ಕಲಿತ. ಕುಂದುರ್ಪಿಯ ಬೆಟ್ಟದ ಕೋಟೆಯನ್ನು ದಿನವೂ ನೋಡುವ ಮಕ್ಕಳಿಗೆ ಪಾಳೆಯಗಾರ, ಬುರುಜು, ಕೊತ್ತಲಗಳ ಪಾಠ ಹೀಗೆಯೇ ನಡೆಯಬೇಕು.

ಗಡಿಸೀಮೆಯ ಮಕ್ಕಳಿಗೆ ಈ ಅಭ್ಯಾಸ ಇತರರಿಗಿಂತ ಹೆಚ್ಚು ಅವಶ್ಯಕ. 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರಪ್ರದೇಶ ರೂಪುಗೊಂಡಾಗ ಗೆರೆ ನಕ್ಷೆಯ ಮೇಲೆ ಬಿತ್ತೇ ಹೊರತು ನಾಲಿಗೆಯ ಮೇಲೆ ಬೀಳಲಿಲ್ಲ. ಕುಂದುರ್ಪಿಯಿಂದ ಪಾವಗಡ, ಚಳ್ಳಕೆರೆ ಸೀಮೆಗಳು ದೂರವಿಲ್ಲ. ಕಲ್ಯಾಣದುರ್ಗದ ಸಂತೆಗೆ ಹೋದರೆ ವ್ಯಾಪಾರ ತೆಲುಗಿನಲ್ಲಿ. ಎರಡೂ ಭಾಷೆ ಕಿವಿಯಲ್ಲಿರುವ ಮಗುವಿಗೆ ಲಾಭವೂ ಉಂಟು, ಅಪಾಯವೂ ಉಂಟು.

ಅಪಾಯವನ್ನು ಮೊದಲು ನೋಡೋಣ. ಕೆರೆ ಕೋಡಿ ಬಿದ್ದಿತೆಂದು ಪಾಠದಲ್ಲಿದ್ದರೆ, ತೆಲುಗಿನಲ್ಲಿ ಕೋಡಿ ಎಂದರೆ ಕೋಳಿಯಾದ್ದರಿಂದ, ಮಗು ಕೆರೆಯಲ್ಲಿ ಕೋಳಿಯನ್ನು ಹುಡುಕುತ್ತದೆ. (ತುಂಬಿ ಹರಿಯುವ ಕೆರೆಯನ್ನು ನೋಡುವ ಭಾಗ್ಯ ನಮ್ಮ ಕಡೆ ಅಪರೂಪವಾದ್ದರಿಂದ ಈ ತಪ್ಪನ್ನು ಮನ್ನಿಸಬೇಕು.) ನಮ್ಮ ನೆಲ ಅಲ್ಲಿ ತಿಂಗಳು, ನಮ್ಮ ಮಾಟ ಅಲ್ಲಿ ಬರಿಯ ಮಾತು. ಇನ್ನು ಅವಸರ. ‘ಹಣ ಕೊಡಲು ಅವಸರವಿಲ್ಲ’ ಎಂದರೆ ಕನ್ನಡದಲ್ಲಿ ನಿಧಾನವಾಗಿ ಕೊಡಬಹುದು. ತೆಲುಗಿನ ಅರ್ಥ ಹಿಡಿದರೆ ಕೊಡಬೇಕಾಗಿಯೇ ಇಲ್ಲ! ಸಾಲ ಕೊಟ್ಟವನು ಎದೆ ಒಡೆದುಕೊಳ್ಳಬೇಕಾದೀತು. ಇಂಥ ಪದಗಳನ್ನು ಸಂದರ್ಭವೊಂದೇ ಬಿಡಿಸಬಲ್ಲದು.

ಲಾಭವಾದರೋ ದೊಡ್ಡದು. ಹಳೆಗನ್ನಡ ಪದ್ಯವೆಂದರೆ ಕಬ್ಬಿಣದ ಕಡಲೆ ಎನ್ನುವ ಹುಡುಗರು ಇದನ್ನು ಗಮನಿಸಬೇಕು. ಹಳೆಗನ್ನಡದಲ್ಲಿ ಪಾಲ್, ಪುಲಿ, ಪಂದಿ, ಪಾಡು ಎಂದಿದ್ದವು ಮುಂದೆ ಪಕಾರ ಹಕಾರವಾಗಿ ಹಾಲು, ಹುಲಿ, ಹಂದಿ, ಹಾಡು ಆದವು. ತೆಲುಗಿನಲ್ಲಿ ಇಂದಿಗೂ ಪಾಲು, ಪುಲಿ, ಪಂದಿ, ಪಾಡು ಎಂದೇ ಉಳಿದಿವೆ. ತೆಲುಗು ಬಾರದ ಊರಿನ ಹುಡುಗ ನಿಘಂಟು ತೆಗೆಯಬೇಕಾದಲ್ಲಿ ನಮ್ಮ ಹುಡುಗಿ ಮನೆಯ ಮುಂದಿನ ಮಾತನ್ನು ನೆನೆದರೆ ಸಾಕು. ವಿಜ್ಞಾನದಲ್ಲೂ ಹಾಗೆಯೇ. ದ್ಯುತಿಸಂಶ್ಲೇಷಣೆ ಎಂಬ ಪದ ಕಂಡು ಹೆದರುವ ಮಗುವಿಗೆ, ತೆಲುಗು ಪುಸ್ತಕದಲ್ಲಿ ಇದನ್ನೇ ಕಿರಣಜನ್ಯ ಸಂಯೋಗಕ್ರಿಯೆ ಎನ್ನುತ್ತಾರೆಂದು ತೋರಿಸಿ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವಿಕೆ ಎಂಬುದನ್ನು ಅದು ತಾನೇ ಹೊಂದಿಸಿಕೊಳ್ಳುತ್ತದೆ. ಈ ಜಿಲ್ಲೆಯಲ್ಲಿ 1893ರಲ್ಲಿ ಹುಟ್ಟಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಬೋಧಿಸಿದರು, ಕನ್ನಡದಲ್ಲೂ ಗ್ರಂಥ ಬರೆದರು. ಎರಡು ಭಾಷೆಗಳ ನಡುವೆ ಬೆಳೆದವರು ಎರಡರಲ್ಲೂ ಅರೆಬರೆಯಾಗಬೇಕೆಂಬ ನಿಯಮವೇನೂ ಇಲ್ಲ.

ಹಾಗಾದರೆ ನಿಘಂಟು ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು, ಆದರೆ ಊಹೆಯ ನಂತರ. ತನ್ನ ಊಹೆ ಸರಿಯೋ ತಪ್ಪೋ ಎಂದು ಪುಟ ತಿರುವುವ ಮಗುವಿನ ಕುತೂಹಲವೇ ಬೇರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ನಿಘಂಟಿನಲ್ಲಿ ಕನ್ನಡ ಪದದ ಜೊತೆಗೆ ತೆಲುಗು, ತಮಿಳುಗಳ ಸೋದರ ಪದಗಳೂ ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತು 8 ಸಂಪುಟಗಳಲ್ಲಿ ಹೊರತಂದ ನಿಘಂಟಿನಲ್ಲಿ ಅರ್ಥದ ಪಕ್ಕದಲ್ಲಿ ಕಾವ್ಯಗಳ, ಶಾಸನಗಳ ಪ್ರಯೋಗಗಳಿವೆ. ಆ ವಿದ್ವಾಂಸರೂ ಪದವನ್ನು ಅದು ಬಂದ ವಾಕ್ಯಗಳಲ್ಲಿಟ್ಟು ನೋಡಿಯೇ ಅರ್ಥ ನಿರ್ಣಯಿಸಿದರು.

ಸಂದರ್ಭ ಎಲ್ಲವನ್ನೂ ಕೊಡುವುದಿಲ್ಲವೆಂಬುದೂ ನಿಜ. ಗಣಿತದ ವ್ಯಾಖ್ಯೆಯನ್ನು, ಔಷಧಿಯ ಚೀಟಿಯನ್ನು, ಜಮೀನಿನ ಪತ್ರವನ್ನು ಊಹೆಯಿಂದ ಓದಬಾರದು. ಅಲ್ಲಿ ತಿಳಿದವರನ್ನು ಕೇಳಲೇಬೇಕು. ಎಲ್ಲಿ ಊಹಿಸಬಹುದು, ಎಲ್ಲಿ ಕೇಳಬೇಕು ಎಂಬ ವಿವೇಕವೂ ಪಾಠದ ಭಾಗವೇ.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯಲ್ಲಿ ಕೇಳೋಣವೆಂದರೆ ಓದು ಬಲ್ಲವರಿಲ್ಲ ಎಂದು ಅನೇಕ ತಾಯಂದಿರು ಸಂಕೋಚಪಡುತ್ತಾರೆ. ಅರ್ಥ ಹೇಳಲು ನಿಮಗೆ ಅಕ್ಷರ ಬರಬೇಕಾಗಿಲ್ಲ. ಮಗು ಪದವೊಂದನ್ನು ಕೇಳಿದರೆ, ‘ಅದರ ಹಿಂದೇನಿದೆ, ಮುಂದೇನಿದೆ, ಓದಿ ಹೇಳು’ ಎನ್ನಿ. ಕೇಳಿದ ಮೇಲೆ ನಿಮಗೆ ತೋಚಿದ್ದನ್ನು ಹೇಳಿ. ಕುಂಟೆ, ಕೂರಿಗೆ, ಮೇಳಿಗಳ ವಿಷಯ ಬಂದರೆ ನೀವೇ ಉಪಾಧ್ಯಾಯರು. ಶಾಲೆಯಲ್ಲಿ ಬರುವ ಜೂನ್ ತಿಂಗಳಿಂದ ಎಂಟನೆಯ ತರಗತಿಯ ಕನ್ನಡ ಪಾಠಗಳ ಮೊದಲ ಓದಿನಲ್ಲಿ ‘ಪದಗಳ ಅರ್ಥ’ದ ಪಟ್ಟಿಯ ಮೇಲೆ ಕಾಗದ ಮುಚ್ಚಿಡಿಸಬೇಕೆಂದು ನಮ್ಮ ಸಲಹೆ. ಪ್ರತಿ ವಿದ್ಯಾರ್ಥಿಯೂ ತನ್ನ ಊಹೆಯನ್ನು ಪೆನ್ಸಿಲಿನಲ್ಲಿ ಬರೆಯಲಿ. ಕಾಗದ ತೆಗೆದ ಮೇಲೆ ಅಳಿಸದೆ, ಪಕ್ಕದಲ್ಲೇ ಸರಿಯಾದ ಅರ್ಥವನ್ನು ಶಾಯಿಯಲ್ಲಿ ಬರೆಯಲಿ. ಊಹೆ ತಪ್ಪಾಗಿದ್ದರೆ ಅಂಕ ಕಳೆಯಕೂಡದು.